ಹಂದಿಗೋಡಿನ ನೋವು ಯಾರ ಲೆಕ್ಕದ ಪುಸ್ತಕದಲ್ಲಿದೆ?

ಸಿಗಂದೂರಿಗೆ ಸೇತುವೆ ಬಂತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆಯೂ ಆಯ್ತು. ಶರಾವತಿ ಹಿನ್ನೀರಿನ ಮೇಲೆ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಂದಿನಿಂದ ತುಮರಿ, ಕರೂರು ಕಡೆಯ ಜನ ಲಾಂಚಿನ ದಾರಿ ಕಾದವರು. ಕತ್ತಲಾದರೆ ಲಾಂಚಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಎದೆ ಹಿಡಿದುಕೊಂಡರೆ, ಹೊಸನಗರದ ಕಡೆ ಸುತ್ತು ಹಾಕಿ ಸಾಗರ ಸೇರಬೇಕಿತ್ತು. ಈಗ ದೇವಿ ದರ್ಶನಕ್ಕೆ ಹೋಗುವ ಬಸ್ಸೂ ಸೀದಾ, ಆಸ್ಪತ್ರೆಗೆ ಬರುವ ಗಾಡಿಯೂ ಸೀದಾ. ಅರವತ್ತು ವರ್ಷದ ಮೇಲಾದರೂ ಒಳ್ಳೇದೇ ಆಯ್ತು ಬಿಡಿ.

ಹೊಳೆಯ ದೂರ ತೀರಿತು. ಆದರೆ ಇದೇ ಸಾಗರ ತಾಲೂಕಿನಲ್ಲಿ ಇನ್ನೊಂದು ದೂರ ಉಂಟು. ಅದನ್ನು ಮೈಲಿಗಲ್ಲು ನೋಡಿ ಅಳೆಯಲಿಕ್ಕೆ ಬರುವುದಿಲ್ಲ. ಹಂದಿಗೋಡು ಸಾಗರ ಪೇಟೆಗೆ ದೂರದ ಊರೇನಲ್ಲ. ನಡುವೆ ಹೊಳೆಯಿಲ್ಲ, ಹಿನ್ನೀರಿಲ್ಲ. ಹಾಗಿದ್ದೂ ಅಲ್ಲಿಯ ದಲಿತ ಕೇರಿಯ ನೋವಿಗೂ ಪೇಟೆಯ ಆಸ್ಪತ್ರೆಗೂ ನಡುವಿನ ದಾರಿ ಐವತ್ತು ವರ್ಷ ನಡೆದರೂ ಮುಗಿದಿಲ್ಲ. ಆ ದೂರ ಕಣ್ಣಿಗೆ ಕಾಣಬೇಕಾದರೆ ಒಂದೇ ಉಪಾಯ. ಮನೆ ಮನೆಗೆ ಹೋಗಿ ಎಣಿಸಬೇಕು, ಎಣಿಸಿದ್ದನ್ನು ಬರೆದಿಡಬೇಕು, ಬರೆದಿಟ್ಟದ್ದನ್ನು ಹಿಡಿದುಕೊಂಡು ಅದೇ ಮನೆಗೆ ಮರಳಿ ಹೋಗಬೇಕು. ನಮ್ಮಲ್ಲಿ ಮೊದಲ ಎರಡು ಕೆಲಸ ಅಷ್ಟೋ ಇಷ್ಟೋ ನಡೆಯುತ್ತವೆ. ಮೂರನೆಯದೇ ತಪ್ಪುವುದು.

ಹಂದಿಗೋಡಿನಲ್ಲಿ ಕಂಡದ್ದು

1974–75ರ ಸುಮಾರಿಗೆ ಹಂದಿಗೋಡಿನ ಸುದ್ದಿ ಹೊರಗೆ ಬಂತು. ಕೆಲವು ಮನೆಗಳಲ್ಲಿ ಮಕ್ಕಳಿಗೆ, ಹರೆಯದವರಿಗೆ ಸೊಂಟ ಹಿಡಿಯುತ್ತಿತ್ತು, ಮಂಡಿ ನೋಯುತ್ತಿತ್ತು. ಬರಬರುತ್ತಾ ನಡಿಗೆಯೇ ಕಷ್ಟವಾಗುತ್ತಿತ್ತು. ಗದ್ದೆ ನಟ್ಟಿಗೆ ಬಗ್ಗುವುದು ಆಗದು, ಹೊರೆ ಹೊರುವುದು ಆಗದು, ಕುಕ್ಕರಗಾಲಿನಲ್ಲಿ ಕೂತರೆ ಏಳುವುದು ಆಗದು. ಕೆಲವರ ಎತ್ತರವೇ ಕುಂಠಿತವಾಗುತ್ತಿತ್ತು. ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ಸೊಂಟ ಹೋಯ್ತು ಅಂದರೆ ಅನ್ನವೇ ಹೋಯ್ತು.

ಈ ನೋವು ಊರಿನ ಎಲ್ಲರಿಗೂ ಬರಲಿಲ್ಲ. ಬಂದದ್ದು ಚನಂಗಿ ಮತ್ತು ಛಲವಾದಿ ಸಮುದಾಯದ ಮನೆಗಳಿಗೆ. ಅದೇ ಊರು, ಅದೇ ಮಳೆ, ಅದೇ ಹಳ್ಳದ ನೀರು, ಆದರೂ ಪಕ್ಕದ ಕೇರಿಗೆ ಕಾಯಿಲೆ ಇಲ್ಲ. ಮುಂದೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಯ ಬೇರೆ ಹಳ್ಳಿಗಳಲ್ಲೂ ಇದೇ ಕಾಯಿಲೆ ಕಂಡಾಗ ಅಲ್ಲಿಯೂ ಸಿಕ್ಕಿದ್ದು ಇವೇ ಸಮುದಾಯಗಳು. ಕಾಯಿಲೆಗೆ ಮಾತ್ರ ಊರಿನ ಹೆಸರು ಅಂಟಿಕೊಂಡಿತು. ಇವತ್ತಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಅದು ‘ಹಂದಿಗೋಡು ಕಾಯಿಲೆ’.

ಏಡಿಯ ಮೇಲೆ ಅನುಮಾನ

ಆಗ ಊರಲ್ಲೆಲ್ಲ ಒಂದೇ ಮಾತು. ಗದ್ದೆಗೆ ಹೊಸ ತಳಿಯ ಭತ್ತ ಬಂದಿತ್ತು, ಅದರ ಹಿಂದೆಯೇ ಎಂಡ್ರಿನ್‌ನಂಥ ಕೀಟನಾಶಕವೂ ಬಂದಿತ್ತು. ಔಷಧಿ ಹೊಡೆದ ಗದ್ದೆಯ ಏಡಿಯನ್ನು, ಮೀನನ್ನು ಹಿಡಿದು ತಿನ್ನುವವರು ಬಡವರು. ಹಾಗಾದರೆ ವಿಷ ಏಡಿಯಿಂದಲೇ ಬಂದಿರಬೇಕು ಎಂದು ಲೆಕ್ಕ ಕೂಡಿತು. ಕೇಳಲಿಕ್ಕೆ ಸರಿಯಾಗಿಯೇ ಇತ್ತು. ಪತ್ರಿಕೆಗಳೂ ಬರೆದವು, ಜನರೂ ನಂಬಿದರು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದು ಕೇರಿಗಳಲ್ಲಿ ಸಮೀಕ್ಷೆ ಮಾಡಿದರು. ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಅದರಲ್ಲಿ ಅವರು ಕಾಯಿಲೆಗೆ ಕೊಟ್ಟ ಹೆಸರು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬ ಅರ್ಥದ್ದು. ಕೌಟುಂಬಿಕ ಎಂಬ ಆ ಒಂದು ಮಾತಿನಲ್ಲಿಯೇ ಮುಂದಿನ ಉತ್ತರದ ಸುಳಿವಿತ್ತು.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡೆಯಿಂದ ತಜ್ಞರು ಬಂದರು. ವಂಶಾವಳಿ ಬರೆದುಕೊಂಡರು. ಅಜ್ಜನಿಗೆ ಇತ್ತಾ? ಅಜ್ಜಿಗೆ? ಅಪ್ಪನಿಗೆ? ಅಪ್ಪನ ಅಣ್ಣತಮ್ಮಂದಿರಲ್ಲಿ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ? ಮನೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಮಂದಿಗೆ ನೋವು? ಜೊತೆಗೆ ಸೊಂಟದ, ಬೆನ್ನಿನ, ಮಂಡಿಯ ಎಕ್ಸ್‌ರೇ. ಲಕ್ನೋದ ಡಾ. ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು 1994ರಲ್ಲಿ ಎಕ್ಸ್‌ರೇ ಅಧ್ಯಯನ ಪ್ರಕಟಿಸಿ, ಇದು ಮೂಳೆ ಬೆಳವಣಿಗೆಯ ವಂಶಪಾರಂಪರ್ಯ ದೋಷ ಎಂದರು. ಅದರಲ್ಲಿ ಮೂರು ಬಗೆಯನ್ನೂ ಗುರುತಿಸಿದರು. ಒಂದರಲ್ಲಿ ಸೊಂಟದ ಕೀಲು ಸವೆಯುತ್ತದೆ, ಇನ್ನೊಂದರಲ್ಲಿ ಅದರ ಜೊತೆ ಕುಳ್ಳತನವೂ ಸೇರುತ್ತದೆ, ಮೂರನೆಯದರಲ್ಲಿ ಕುಳ್ಳತನವೇ ಎದ್ದು ಕಾಣುತ್ತದೆ.

ವಂಶಾವಳಿ ಬರೆದರೆ ಅದು ಹೇಗೆ ಗೊತ್ತಾಗುತ್ತದೆ? ವಿಷದಿಂದ ಬರುವುದಾಗಿದ್ದರೆ ಆ ಏಡಿ ತಿಂದ ಎಲ್ಲ ಮನೆಗೂ ಬರಬೇಕಿತ್ತು. ಅಂಟುಜಾಡ್ಯವಾಗಿದ್ದರೆ ಒಂದೇ ಸೂರಿನಡಿ ಮಲಗುವ ಸೊಸೆಗೂ, ಪಕ್ಕದ ಮನೆಯವರಿಗೂ ತಗಲಬೇಕಿತ್ತು. ರಕ್ತ ಸಂಬಂಧದ ಗೆರೆ ಹಿಡಿದೇ ಇಳಿಯುತ್ತದೆ ಎಂದರೆ ಮೂಲ ಬೀಜದಲ್ಲಿಯೇ ಇದೆ. ತಾಯಿ ತಂದೆಯರಲ್ಲಿ ಒಬ್ಬರಿಂದ ಆ ದೋಷ ಬಂದರೂ ಸಾಕು, ಮಗುವಿಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹುಟ್ಟುವ ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಾಣ್ಯ ಚಿಮ್ಮಿದ ಹಾಗೆ. ತಲೆಯೂ ಬೀಳಬಹುದು, ಹೂವೂ ಬೀಳಬಹುದು. ಮೊದಲ ಮಗುವಿಗೆ ಬಂತು, ಇನ್ನು ಎರಡನೆಯದಕ್ಕೆ ಬಾರದು ಎನ್ನುವ ಭರವಸೆ ಇಲ್ಲ.

ಹಾಗಾದರೆ ಇದು ಜಾತಿಯ ಕಾಯಿಲೆಯೋ? ಅಲ್ಲ. ಮೂಳೆಗೆ ಜಾತಿ ಗೊತ್ತಿಲ್ಲ. ಜಾತಿ ಗೊತ್ತಿರುವುದು ಮದುವೆಗೆ. ತಲೆತಲಾಂತರದಿಂದ ಹೆಣ್ಣು ಕೊಡುವುದು, ತರುವುದು ಎಲ್ಲ ಒಂದೇ ಬೇಲಿಯೊಳಗೆ. ಆ ಬೇಲಿ ಕಟ್ಟಿದವರು ಕೇರಿಯವರಲ್ಲ. ಹೊರಗಿನ ಬೇಲಿ ಗಟ್ಟಿಯಾದಷ್ಟೂ ಎಂದೋ ಒಬ್ಬರಲ್ಲಿ ಹುಟ್ಟಿದ ದೋಷ ಒಳಗೊಳಗೇ ಸುತ್ತುತ್ತಾ ಉಳಿಯುತ್ತದೆ.

ಸರಾಸರಿ ಎಂಬ ಪರದೆ

ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ರಿ ಪುಸ್ತಕದಲ್ಲಿ ‘ಊರಿನಿಂದ ಒಟ್ಟು ಬರಬೇಕಾದದ್ದು ಇಷ್ಟು ಸಾವಿರ’ ಎಂದು ಒಂದೇ ಸಾಲು ಬರೆದಿಟ್ಟರೆ ಬಾಕಿ ವಸೂಲಾಗುತ್ತದೆಯೇ? ಯಾರ ಹೆಸರಿಗೆ ಎಷ್ಟು, ಯಾವ ತಿಂಗಳಿಂದ ಎಂದು ಬರೆದರೆ ತಾನೆ ಪುಸ್ತಕ. ಸರ್ಕಾರದ ಆರೋಗ್ಯದ ಲೆಕ್ಕ ಬಹಳ ಸಲ ಆ ಒಂದೇ ಸಾಲಿನ ಪುಸ್ತಕ.

ಒಂದು ಉದಾಹರಣೆ ನೋಡಿ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಒಂದು ಕಾಯಿಲೆಯವರು ಜಿಲ್ಲೆಯಲ್ಲಿ 500 ಮಂದಿ ಇದ್ದಾರೆ ಎಂದು ಇಟ್ಟುಕೊಳ್ಳಿ. ಸರಾಸರಿ ತೆಗೆದರೆ ಹತ್ತು ಸಾವಿರಕ್ಕೆ ಮೂವರೂ ಆಗಲಿಲ್ಲ. ಕಚೇರಿಯಲ್ಲಿ ಕೂತವರಿಗೆ ಅದು ದೊಡ್ಡ ವಿಷಯ ಎನಿಸುವುದಿಲ್ಲ. ಆದರೆ ಆ 500 ಮಂದಿ ಎರಡು ಸಣ್ಣ ಸಮುದಾಯಕ್ಕೆ, ಬೆರಳೆಣಿಕೆಯ ಕೇರಿಗಳಿಗೆ ಸೇರಿದವರಾದರೆ? ಆಗ ಆ ಕೇರಿಯಲ್ಲಿ ಮನೆಗೊಬ್ಬರು ಕೋಲು ಹಿಡಿದವರು. ಜಿಲ್ಲೆಯ ಲೆಕ್ಕದಲ್ಲಿ ಸೊನ್ನೆಯ ಹತ್ತಿರ, ಕೇರಿಯ ಲೆಕ್ಕದಲ್ಲಿ ಅರ್ಧ ಊರು. ಎರಡೂ ಲೆಕ್ಕ ಸರಿಯೇ. ಯಾವ ಪುಸ್ತಕ ತೆಗೆದು ನೋಡುತ್ತೀರಿ ಎಂಬುದರ ಮೇಲೆ ನೋವು ಕಾಣುವುದು, ಮರೆಯಾಗುವುದು.

ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯೂ ಅಲ್ಲ. ಅಮೆರಿಕ ದುಡ್ಡಿನ ದೇಶ, ದೊಡ್ಡ ಆಸ್ಪತ್ರೆಗಳ ದೇಶ. ಅಲ್ಲಿ ಹೆರಿಗೆಗೆ ಸಂಬಂಧಿಸಿದ ಕಾರಣದಿಂದ ಸಾಯುವ ತಾಯಂದಿರ ಲೆಕ್ಕವನ್ನು ಬಿಳಿಯರು, ಕರಿಯರು ಎಂದು ಬೇರೆ ಬೇರೆ ಇಡುತ್ತಾರೆ. 2021ರಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿಯರಲ್ಲಿ 26.6 ಸಾವು, ಕರಿಯರಲ್ಲಿ 69.9. ಬೇರೆ ಬೇರೆ ಬರೆದಿಟ್ಟದ್ದಕ್ಕೇ ಈ ಅಂತರ ಬೆಳಕಿಗೆ ಬಂತು. ಎರಡನ್ನೂ ಕೂಡಿಸಿ ಬರೆದಿದ್ದರೆ ಕರಿಯ ತಾಯಂದಿರ ಸಾವು ಸರಾಸರಿಯೊಳಗೆ ಮುಚ್ಚಿಹೋಗುತ್ತಿತ್ತು.

ಸತ್ತ ಮಂಗ ಬರೆಸುವ ಲೆಕ್ಕ

ಎಣಿಕೆ ಬರೀ ಕಾಗದದ ಕೆಲಸ ಎನ್ನುವವರಿಗೆ ಇದೇ ಕಾಡು ಇನ್ನೊಂದು ಪಾಠ ಕಲಿಸಿದೆ. ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಯ ಜನ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಅದುವರೆಗೆ ಜಗತ್ತಿಗೆ ಗೊತ್ತಿಲ್ಲದ ವೈರಸ್ಸನ್ನು ಪತ್ತೆ ಮಾಡಿದರು. ಸಾಗಿಸುವುದು ಉಣುಗು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆ ಬಿದ್ದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ.

ಉಣುಗು ಯಾರನ್ನು ಕಚ್ಚುತ್ತದೆ? ಕಾಡಿಗೆ ಹೋದವರನ್ನು. ಕಾಡಿಗೆ ಹೋಗುವವರು ಯಾರು? ಸೊಪ್ಪಿಗೆ, ದರಗಿಗೆ, ಸೌದೆಗೆ ಹೋಗುವ ಕೂಲಿಯವರು, ದನ ಮೇಯಿಸುವವರು, ಕಾಡಂಚಿನಲ್ಲಿ ತುಂಡು ಜಮೀನು ಇಟ್ಟುಕೊಂಡವರು. ಇಲ್ಲಿಯೂ ಕಾಯಿಲೆ ಬಡವರ ಮನೆಯ ದಾರಿಯನ್ನೇ ಹಿಡಿದಿದೆ.

ಇಲ್ಲಿ ಲೆಕ್ಕ ಶುರುವಾಗುವುದು ಸತ್ತ ಮಂಗದಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಅಲ್ಲಿಯೇ ಉದುರಿ ಮುಂದಿನ ಬಲಿಗಾಗಿ ಕಾಯುತ್ತದೆ. ಆದ್ದರಿಂದ ಕಾಡಿನಲ್ಲಿ ಮುಸಿಯವೋ, ಕೆಂಪು ಮಂಗವೋ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ, ಪಶುವೈದ್ಯರಿಗೆ, ಅರಣ್ಯ ಇಲಾಖೆಗೆ ತಿಳಿಸಬೇಕು ಎನ್ನುವುದು. ಅವರು ಬಂದು ಮಾದರಿ ತೆಗೆದು, ಸುತ್ತ ಮೆಲಾಥಿಯಾನ್ ಪುಡಿ ಎರಚಿ, ಶವ ಸುಡುತ್ತಾರೆ. ಆ ಕಡೆ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಎಂದು ಡಂಗುರ ಹೊಡೆಸುತ್ತಾರೆ. ಒಂದು ಮಂಗದ ಸಾವು ವೇಳೆಗೆ ಸರಿಯಾಗಿ ಪುಸ್ತಕಕ್ಕೆ ಬಂದರೆ ಹತ್ತು ಮನೆಗೆ ಎಚ್ಚರಿಕೆ. ಹದಿನೈದು ದಿನ ತಡವಾಗಿ ಬಂದರೆ ಅದು ಬರೀ ಒಂದು ಅಂಕಿ.

2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡಿನ ಜನ ಪಟ್ಟ ಪಾಡು ಈ ಸೀಮೆಗೆ ಮರೆತಿಲ್ಲ. ಒಂದೇ ಪಂಚಾಯಿತಿಯ ಸುತ್ತಮುತ್ತ ಸಾವಿನ ಮೇಲೆ ಸಾವು. ಆಮೇಲೆ 2020ರಲ್ಲಿ ನಮ್ಮ ದೇಶದ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. 2014ರಿಂದ 2018ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲೆಲ್ಲಿ ಕಾಯಿಲೆ ಬಂತು ಎಂಬುದನ್ನು ಕಾಡಿನ, ತೋಟದ, ದನಕರುಗಳ ಲೆಕ್ಕದ ಜೊತೆ ಇಟ್ಟು ನೋಡಿದರು. ನಿತ್ಯಹಸುರಿನ ಕಾಡು ಮತ್ತು ತೋಟ ಒಂದರೊಳಗೊಂದು ಬೆರೆತ ಜಾಗ, ನಾಟಿ ದನ ಹೆಚ್ಚಿರುವ ಜಾಗ, ಅಲ್ಲಿ ಅಪಾಯ ಹೆಚ್ಚು ಎಂದು ನಕ್ಷೆ ಹೇಳಿತು. ಆ ನಕ್ಷೆಯನ್ನು 2019ರ ಹಾವಳಿಯ ಜಾಗಗಳ ಜೊತೆ ಹೋಲಿಸಿದರೆ ತಾಳೆಯಾಯಿತು. ಹಳೆಯ ಲೆಕ್ಕ ಮುಂದಿನ ಅಪಾಯ ತೋರಿಸಬಲ್ಲದು ಎಂದಾಯ್ತು.

ಲಸಿಕೆಯ ಕಥೆಯಲ್ಲೂ ಲೆಕ್ಕವೇ ಸತ್ಯ ನುಡಿದದ್ದು. 1990ರಿಂದ ಕೊಡುತ್ತಿದ್ದ ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತಿತ್ತು. ಹಾಕಿಸಿಕೊಂಡವರು ಎಷ್ಟು, ಅವರಲ್ಲಿ ಕಾಯಿಲೆ ಬಿದ್ದವರು ಎಷ್ಟು ಎಂದು ಎಣಿಸಿದ ಮೇಲೆ ಅದರ ಶಕ್ತಿ ಸಾಲದು ಎಂಬುದು ಬಯಲಾಯಿತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ಅದರ ಮೇಲೆ ಶುರುವಾಯಿತು.

ಹೆಸರು ಪಟ್ಟಿಗೆ ಬಂದರೆ

ಕಾಸರಗೋಡಿನ ಕನ್ನಡಿಗರಿಗೆ ಈ ಮಾತು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಅದು ನಡೆಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಕಾಯಿಲೆಗಳು ಲೆಕ್ಕಕ್ಕಿಂತ ಹೆಚ್ಚಾಗಿ ಕಾಣುತ್ತಿವೆ ಎಂದು ಮೊದಲು ಗಮನಿಸಿದವರು ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್. ತಮ್ಮಲ್ಲಿಗೆ ಬರುವ ರೋಗಿಗಳು ಯಾವ ಮನೆಯವರು, ಯಾವ ಗುಡ್ಡದ ಕೆಳಗಿನವರು ಎಂದು ನೋಡುತ್ತಾ ಬಂದಾಗ ಅವರಿಗೆ ಅದು ಹೊಳೆಯಿತು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ದೊಡ್ಡ ಸಂಸ್ಥೆಗಳ ಅಧ್ಯಯನ ಬಂದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ನಿಷೇಧಿಸಿತು.

ಹಂದಿಗೋಡಿನಲ್ಲಿ ಎಣಿಕೆಯು ವಿಷದ ಅನುಮಾನವನ್ನು ಬಿಡಿಸಿತು. ಪಡ್ರೆಯಲ್ಲಿ ಎಣಿಕೆ ವಿಷದ ಕಡೆಗೇ ಬೆರಳು ತೋರಿಸಿತು. ಎರಡೂ ಕಡೆ ಊಹೆ ಸಾಲದು, ಮನೆ ಮನೆಯ ಲೆಕ್ಕವೇ ಬೇಕಾಯಿತು.

ಆಮೇಲೆ ನಡೆದದ್ದು ಮುಖ್ಯ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಪರಿಹಾರ. ಇಲ್ಲದವರು ಹೆಸರು ಸೇರಿಸಿ ಎಂದು ಮತ್ತೆ ಧರಣಿ ಕೂರಬೇಕಾಯಿತು. ಪಟ್ಟಿಯ ಒಳಗಿರುವುದಕ್ಕೂ ಹೊರಗಿರುವುದಕ್ಕೂ ಇರುವ ವ್ಯತ್ಯಾಸ ಐದು ಲಕ್ಷ ರೂಪಾಯಿ. ಅಂಕಿ ಅಂಶ ಎಂದರೆ ವಿದ್ವಾಂಸರ ಕೆಲಸ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ದೂರದ ನೆಂಟರು

ಹಂದಿಗೋಡಿನ ಕಾಯಿಲೆಗೆ ದೂರದಲ್ಲಿ ಒಬ್ಬ ನೆಂಟನೂ ಇದ್ದಾನೆ. ದಕ್ಷಿಣ ಆಫ್ರಿಕದ ಉತ್ತರ ಜುಲುಲ್ಯಾಂಡಿನಲ್ಲಿ ಮ್ಸೆಲೆನಿ ಎಂಬ ಹಳ್ಳಿಗಾಡು. ಅಲ್ಲಿಯ ಕರಿಯ ಜನರಲ್ಲಿಯೂ ಸೊಂಟದ ಕೀಲು ಸವೆದು ನಡಿಗೆ ನಿಲ್ಲುವ ಕಾಯಿಲೆ ಇದೆ ಎಂಬ ವರದಿ 1970ರಲ್ಲಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ತಜ್ಞರೂ ಇದ್ದಾರೆ. ಅಲ್ಲಿಯ ಮ್ಸೆಲೆನಿ ಆಸ್ಪತ್ರೆ ಹಳ್ಳಿಯ ಆಸ್ಪತ್ರೆ. ಆದರೂ ರೋಗಿಗಳನ್ನು ಗುರುತಿಸಿ, ಸವೆದ ಕೀಲು ತೆಗೆದು ಕೃತಕ ಕೀಲು ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಅಲ್ಲಿಯೇ ಮಾಡಿದರು. ಬೀಜದ ದೋಷ ಅದರಿಂದ ಹೋಗುವುದಿಲ್ಲ. ಆದರೆ ತೆವಳುವವರು ಎದ್ದು ನಡೆಯಬಹುದು.

ನಮ್ಮ ದೇಶದಲ್ಲೂ ಇಂಥ ಒಂದು ಎಣಿಕೆ ನಡೆದಿದೆ. ಬುಡಕಟ್ಟು ಜನರಲ್ಲಿ ಹೆಚ್ಚಾಗಿ ಕಾಣುವ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ. ಅದರ ನಿರ್ಮೂಲನಕ್ಕಾಗಿ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಅಭಿಯಾನ ಶುರು ಮಾಡಿತು. ನಲವತ್ತು ವರ್ಷದೊಳಗಿನ 7 ಕೋಟಿ ಮಂದಿಯ ರಕ್ತ ಪರೀಕ್ಷಿಸುವ ಗುರಿ, ಕರ್ನಾಟಕವೂ ಅದರಲ್ಲಿದೆ. ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರೆ, ಮದುವೆಗೆ ಮುಂಚೆ ತಿಳಿವಳಿಕೆ ಹೇಳುತ್ತಾರೆ. ಸಮುದಾಯದ ಹೆಸರು ಹಿಡಿದು ಹುಡುಕುವುದು ತಪ್ಪು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಹುಡುಕದೇ ಇರುವುದೇ ತಪ್ಪು ಎಂದು ಒಪ್ಪಿಕೊಂಡರು.

ಕರ್ನಾಟಕದಲ್ಲಿ 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಯ 101 ಜಾತಿಗಳನ್ನು ಒಂದೊಂದಾಗಿ ಎಣಿಸಿತು. ಅದು ಒಳಮೀಸಲಾತಿಗಾಗಿ ಮಾಡಿದ ಎಣಿಕೆ. ಜಾತಿ ಜಾತಿ ಬಿಡಿಸಿ ಎಣಿಸಲು ನಮ್ಮ ಆಡಳಿತಕ್ಕೆ ಬರುತ್ತದೆ, ಮನಸ್ಸು ಬೇಕು ಅಷ್ಟೆ ಎಂಬುದು ಅದರಿಂದ ಸಾಬೀತಾಯಿತು. ಅದೇ ಶ್ರದ್ಧೆ ಆರೋಗ್ಯದ ಎಣಿಕೆಗೂ ಯಾಕೆ ಬರಬಾರದು?

ಗುಟ್ಟು ಕಾಯುವುದು

ಇಲ್ಲೊಂದು ಮುಳ್ಳೂ ಉಂಟು. ವಂಶದ ಕಾಯಿಲೆ ಎಂದು ಹೆಸರು ಬಿದ್ದರೆ ಮದುವೆ ಮುರಿಯುತ್ತದೆ. ‘ಆ ಮನೆಗೆ ಹೆಣ್ಣು ಕೊಡಬೇಡಿ’ ಎಂಬ ಮಾತು ಒಂದು ಸಲ ಹುಟ್ಟಿದರೆ ಕಾಯಿಲೆ ಇಲ್ಲದ ಅಣ್ಣ, ಕಾಯಿಲೆ ಇಲ್ಲದ ತಂಗಿ ಎಲ್ಲರೂ ಮೂಲೆಗೆ ಬೀಳುತ್ತಾರೆ. ಊರಿಗೂ ಕೆಟ್ಟ ಹೆಸರು. ಆದ್ದರಿಂದ ಎಷ್ಟೋ ಮನೆಯವರು ಎಣಿಸಲು ಬಂದವರಿಗೆ ಬಾಯಿ ಬಿಡುವುದಿಲ್ಲ. ಅವರದ್ದು ತಪ್ಪು ಎನ್ನಲು ಯಾರಿಗೆ ಬಾಯಿದೆ? ಹೇಳಿದ್ದರಿಂದ ಏನೂ ಸಿಗದೆ, ಮಾನ ಮಾತ್ರ ಹೋಗುವುದಾದರೆ ಯಾರು ತಾನೇ ಹೇಳುತ್ತಾರೆ?

ಅಂಗಡಿಯವರು ಉದ್ರಿ ಪುಸ್ತಕ ಬರೆಯುತ್ತಾರೆ ನಿಜ, ಆದರೆ ಅದನ್ನು ಬೀದಿಯ ಬೋರ್ಡಿಗೆ ನೇತುಹಾಕುವುದಿಲ್ಲ. ಆರೋಗ್ಯದ ಪುಸ್ತಕವೂ ಹಾಗೇ ಇರಬೇಕು. ಮನೆಯ ಲೆಕ್ಕ ವೈದ್ಯರಿಗೆ ಮತ್ತು ಆ ಮನೆಯವರಿಗೆ. ಎಷ್ಟು ಮಂದಿಗೆ ಯಾವ ಸೌಕರ್ಯ ಬೇಕು ಎಂಬ ಒಟ್ಟು ಲೆಕ್ಕ ಮಾತ್ರ ಕಚೇರಿಗೆ. ಹೆಸರು ಬೀದಿಗೆ ಬಿದ್ದ ದಿನ ಕೇರಿಯ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು.

ಇದು ಅಂಟುವ ಕಾಯಿಲೆಯಲ್ಲ ಎಂಬುದನ್ನೂ ಬಸ್ಸಿನಲ್ಲಿ ಓಡಾಡುವವರು, ಅಂಗಡಿ ಕಟ್ಟೆಯಲ್ಲಿ ಕೂರುವವರು ತಿಳಿದಿರಬೇಕು. ಪಕ್ಕದಲ್ಲಿ ಕೂತರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಚಾ ಕುಡಿದರೂ ಬರುವುದಿಲ್ಲ.

ಪುಸ್ತಕದಲ್ಲಿ ಏನು ಬರೆಯಬೇಕು?

ಕಾಯಿಲೆಯನ್ನು ಬೇರು ಸಹಿತ ಕೀಳುವ ಔಷಧಿ ಇಲ್ಲ. ಆದರೆ ಔಷಧಿ ಇಲ್ಲ ಎಂದ ಮಾತ್ರಕ್ಕೆ ಮಾಡುವ ಕೆಲಸ ಇಲ್ಲ ಎಂದಲ್ಲ. ಮಗುವಿಗೆ ಸೊಂಟ ನೋವು ಶುರುವಾದಾಗಲೇ ಎಕ್ಸ್‌ರೇ ತೆಗೆಸಿದರೆ ಮುಂದೆ ಯಾವ ದುಡಿಮೆ ಆದೀತು, ಯಾವುದು ಆಗದು ಎಂದು ಹೇಳಬಹುದು. ಅಂಥ ಮಗುವಿಗೆ ಓದು ಎಲ್ಲರಿಗಿಂತ ಹೆಚ್ಚು ಬೇಕು, ಯಾಕೆಂದರೆ ಗದ್ದೆಯ ಕೆಲಸ ಅದರ ಕೈಲಾಗದು. ಕೀಲು ತೀರಾ ಸವೆದವರಿಗೆ ಶಸ್ತ್ರಚಿಕಿತ್ಸೆಯಾದೀತೇ ಎಂದು ನೋಡಬಹುದು.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೇಳಿದ್ದಾರೆ, ಕುಳ್ಳತನವೂ ಅದರಲ್ಲಿ ಒಂದು. ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವೈಕಲ್ಯ ಎಂದು ವೈದ್ಯರು ಬರೆದುಕೊಟ್ಟರೆ ಮಾಸಾಶನ, ಮೀಸಲಾತಿ ಮುಂತಾದ ಬಾಗಿಲು ತೆರೆಯುತ್ತವೆ. ಆದರೆ ಆ ಸರ್ಟಿಫಿಕೇಟು ಬೇಕೆಂದರೆ ನಡೆಯಲಾಗದವರು ಆಸ್ಪತ್ರೆಗೆ ನಡೆಯಬೇಕು, ಒಂದು ದಿನದ ಕೂಲಿ ಬಿಟ್ಟು ಇನ್ನೊಬ್ಬರು ಜೊತೆಗೆ ಬರಬೇಕು. ಸರ್ಕಾರಿ ಬಸ್ಸಿನಲ್ಲಿ ವಿಕಲಚೇತನರಿಗೆ ರಿಯಾಯಿತಿ ಪಾಸು ಉಂಟು ಸರಿ. ಮಲೆನಾಡಿನ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಮೇಲಾಗಿ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಸೊಂಟ ಮಡಿಸಲಾಗದವರಿಗೆ ಆ ಒಂದು ಮೆಟ್ಟಿಲು ಒಂದು ಗುಡ್ಡ.

ಹಾಗಾಗಿ ಪುಸ್ತಕದಲ್ಲಿ ರೋಗಿಗಳ ಸಂಖ್ಯೆ ಒಂದನ್ನೇ ಬರೆದರೆ ಸಾಲದು. ಯಾರಿಗೆ ಸರ್ಟಿಫಿಕೇಟು ಆಗಿದೆ, ಯಾರಿಗೆ ಆಗಿಲ್ಲ? ಮಾಸಾಶನ ಯಾರ ಕೈಗೆ ಮುಟ್ಟಿದೆ? ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ, ನೋವಿನಿಂದಲೋ ದೂರದಿಂದಲೋ? ಕೊನೆಯ ಸಲ ವೈದ್ಯರು ನೋಡಿದ್ದು ಯಾವ ತಿಂಗಳು? ಇಷ್ಟು ಬರೆದುಕೊಂಡರೆ ತಿಂಗಳಿಗೊಂದು ದಿನ ವೈದ್ಯರ ಗಾಡಿ ಯಾವ ಕೇರಿಗೆ ಹೋಗಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ, ಪುಸ್ತಕವೇ ಹೇಳುತ್ತದೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುತ್ತಲೇ ಇದ್ದಾರೆ. ಹೊಸ ಹುದ್ದೆ ಬೇಕಾಗಿಲ್ಲ, ಹೊಸ ಕಟ್ಟಡ ಬೇಕಾಗಿಲ್ಲ. ಅವರ ಪುಸ್ತಕದಲ್ಲಿ ನಾಲ್ಕು ಕಾಲಂ ಹೆಚ್ಚು ಬೇಕು, ಅದನ್ನು ತೆರೆದು ಓದುವ ಅಧಿಕಾರಿ ಒಬ್ಬರು ಬೇಕು.

ಐವತ್ತು ವರ್ಷದಲ್ಲಿ ಹಂದಿಗೋಡಿನ ಸುತ್ತ ಬಹಳ ಜನ ಬಂದುಹೋದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ವಂಶಾವಳಿ ಬರೆದರು. ಅದರಿಂದ ಕಾಯಿಲೆಯ ಮೂಲ ಜಗತ್ತಿಗೆ ತಿಳಿಯಿತು, ಅದು ಸಣ್ಣ ಕೆಲಸವಲ್ಲ. ಆದರೆ ಕೇರಿಯ ಋಣ ಅಷ್ಟಕ್ಕೇ ತೀರಲಿಲ್ಲ. ಮಾಹಿತಿ ಕೊಟ್ಟವರು ಅವರು. ಅದರ ಬಡ್ಡಿಯಾದರೂ ಅವರ ಮನೆಗೆ ಬರಬೇಡವೇ? ಮುಂದಿನ ಸಲ ಯಾರಾದರೂ ಪುಸ್ತಕ ಪೆನ್ನು ಹಿಡಿದು ಜಗುಲಿಗೆ ಬಂದರೆ ಕೇರಿಯವರು ಕೇಳಬೇಕಾದ ಪ್ರಶ್ನೆ ಒಂದೇ: ಬರ್ಕೊಳ್ಳಿ ಸ್ವಾಮಿ, ಬರ್ಕೊಂಡ ಮೇಲೆ ಮತ್ತೆ ಯಾವಾಗ ಬರ್ತೀರಿ?